ಕೆಂಪುಗೋಡೆಯ ದಿಕ್ಕು

ಬಾಲ್ಮನ್ ಆಲ್ಪ್,
ಸೋಮವಾರ, 3 ಆಗಸ್ಟ್ 1998

ಪ್ರೀತಿಯ ಪಿಯಾ,

ನಿನ್ನ ಕಾಗದ ಶನಿವಾರ ಕೈಸೇರಿತು. ಮೆಲ್ಕ್ ಮಾಮ ಅದನ್ನು ದನದ ಉಪ್ಪಿನ ಚೀಲದೊಳಗೆ ತುರುಕಿಕೊಂಡು ತಂದಿದ್ದ. ಒಡೆದರೆ ಮೇಜಿನ ತುಂಬ ಉಪ್ಪು. "ಮಳೇಲಿ ನೆನೀಬಾರ್ದು ಅಂತ ಅದರಲ್ಲಿಟ್ಟೆ, ಅದೂ ತಪ್ಪಾ?" ಅಂತ ನನ್ನನ್ನೇ ಗದರಿದ. ಎಪ್ಪತ್ತನಾಲ್ಕು ವರ್ಷವಾಯಿತು, ತಾನು ಮಾಡಿದ್ದು ತಪ್ಪು ಅಂತ ಆ ಮುದುಕನಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಕೆಳಗಿನ ಗುಡಿಸಲಲ್ಲಿ ಅವನು, ಇಲ್ಲಿ ನಾನು, ನಡುವೆ ಮುಕ್ಕಾಲು ಗಂಟೆಯ ದಾರಿ. ದನ ಮೇಯಿಸಲು ಮೇಲಿರುವ ಬೇಸಿಗೆಯ ಮೂರು ತಿಂಗಳು ಇಬ್ಬರಿಗೂ ಜಗಳ ಆಡೋಣವೆಂದರೆ ಬೇರೆ ಜನ ಇಲ್ಲ.

ನೀನು ಬರೆದದ್ದನ್ನು ಮೂರು ಸಲ ಓದಿದೆ. ಹದಿನೈದನೇ ತಾರೀಕು, ಮರಿಯಮ್ಮನವರ ಹಬ್ಬದ ದಿನ, ಲೀನಾಳನ್ನು ಕರೆದುಕೊಂಡು ಮೇಲಕ್ಕೆ ಬರುತ್ತೀಯ. ಕೆಂಪುಗೋಡೆ ಬಂಡೆಯ ಬುಡದಲ್ಲಿ, ನಿಮ್ಮಪ್ಪ ಹೋದ ಜಾಗದಲ್ಲೇ, ಕಲ್ಲುರಾಶಿಯ ಮೇಲೆ ಡೇರೆ ಹಾಕಿ ತಾಯಿ ಮಗಳು ಒಂದು ರಾತ್ರಿ ಮಲಗುತ್ತೀರಿ. ಬೆಳಿಗ್ಗೆ, ಗೋಡೆ ಕುಸಿದ ಹೊತ್ತಿಗೆ ಸರಿಯಾಗಿ, ಅಲ್ಬೀನ್ ಅಂತ ಅವನ ಹೆಸರು ಕೊರೆದ ಶಿಲುಬೆ ನೆಡುತ್ತೀರಿ. ಹನ್ನೊಂದು ವರ್ಷವಾದರೂ ಅವನಿಗೊಂದು ಗುರುತಿಲ್ಲ, ಸಮಾಧಿಯಿಲ್ಲ ಎನ್ನುವುದು ನಿನ್ನ ಸಂಕಟ. ನನಗೂ ಅದೇ ಸಂಕಟ.

ಆದರೆ ಡೇರೆ ಮಾತ್ರ ಬೇಡ ಮಗಳೇ. ಅಲ್ಲಿ ನೆಲ ಒದ್ದೆ. ಕಲ್ಲಿನ ಸಂದಿಗಳಲ್ಲಿ ಹಾವುಗಳಿವೆ, ಬಿಸಿಲು ಕಾಯಲು ಮೇಲೆ ಬಂದು ಮಲಗುತ್ತವೆ. ಮೆಲ್ಕ್ ಮಾಮನ ಹೋರಿ ಬೇರೆ ಈ ವರ್ಷ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. ಲೀನಾಗೆ ಇನ್ನೂ ಐದು ವರ್ಷ. ಗುಡಿಸಲಲ್ಲಿ ನನ್ನ ಪಕ್ಕದಲ್ಲೇ ಮಲಗಲಿ, ಹಾಸಿಗೆಗೆ ಹೊಸ ಹುಲ್ಲು ತುಂಬಿಸಿದ್ದೇನೆ.

ಸಂಜೆ ಕೂಗನ್ನು ನಿನಗೂ ಕಲಿಸಬೇಕು ಅಂತ ಕೊನೆಯಲ್ಲಿ ಬರೆದಿದ್ದೀಯ. ಬಾಸೆಲ್‌ನ ಮೂರನೇ ಮಹಡಿಯಲ್ಲಿ ನಿಂತು ಯಾವ ದನಕ್ಕೆ ಬೇಲಿ ಕಟ್ಟುತ್ತೀಯೇ? ತಮಾಷೆಗೆ ಅಂದೆ, ಮುಖ ಊದಿಸಿಕೊಳ್ಳಬೇಡ. ಬಂದಾಗ ನೋಡೋಣ.

ಇಲ್ಲಿ ಎಲ್ಲ ಕ್ಷೇಮ. ಈ ವರ್ಷ ಹತ್ತೊಂಬತ್ತು ಹಸು. ಬ್ರೂನಾಳ ಹಿಂಗಾಲಿನ ಗೊರಸು ಬಾತಿತ್ತು, ಮರದ ಅಂಟು ಕಾಯಿಸಿ ಹಚ್ಚಿ ಬಟ್ಟೆ ಕಟ್ಟಿದ್ದೇನೆ. ಹಿಮನದಿ ಇನ್ನಷ್ಟು ಹಿಂದೆ ಸರಿದಿದೆ. ನೀನು ಚಿಕ್ಕವಳಿದ್ದಾಗ ಅದರ ಮೂಗು ಮುಟ್ಟಿ ಬರುತ್ತೇನೆ ಅಂತ ಓಡುತ್ತಿದ್ದೆಯಲ್ಲ, ಆ ಬಂಡೆಯಿಂದ ಈಗ ಅರ್ಧ ಗಂಟೆ ನಡೆದರೂ ಮಂಜುಗಡ್ಡೆ ಸಿಗುವುದಿಲ್ಲ. ಅದು ಬಿಟ್ಟುಹೋದ ಜಾಗದಲ್ಲೆಲ್ಲ ಬೂದಿ ಬಣ್ಣದ ಕೆಸರು, ನಡುವೆ ಹೊಸದಾಗಿ ಹುಟ್ಟಿದ ಒಂದು ಕೆರೆ. ನೀರು ಹಾಲು ಬೆರೆಸಿದ ಹಾಗೆ ಮಸುಕು ಹಸಿರು. ಇನ್ನೂ ಅದಕ್ಕೆ ಯಾರೂ ಹೆಸರಿಟ್ಟಿಲ್ಲ. ಹಳ್ಳ ಮಧ್ಯಾಹ್ನ ಉಬ್ಬುತ್ತದೆ, ಬೆಳಗಾಗುವಷ್ಟರಲ್ಲಿ ಬಡಕಲಾಗುತ್ತದೆ. ಹಳದಿ ಕೊಕ್ಕಿನ ಕಾಗೆಗಳು ಚೀಸ್ ಕೋಣೆಯ ಬಾಗಿಲಲ್ಲೇ ಠಿಕಾಣಿ ಹೂಡಿವೆ.

ನನ್ನ ಆರೋಗ್ಯ ಚೆನ್ನಾಗಿದೆ. ನಿದ್ದೆ ಸ್ವಲ್ಪ ಕಡಿಮೆ, ಅಷ್ಟೆ.

ಬುಧವಾರ, 5

ಸೋಮವಾರ ಬರೆದದ್ದನ್ನು ಈಗ ಓದಿ ನನಗೇ ನಗು ಬಂತು. ಹಾವಂತೆ, ಹೋರಿಯಂತೆ! ಏಳು ವರ್ಷದವಳಿದ್ದಾಗ ಹಾವನ್ನು ಕೋಲಿನಲ್ಲಿ ಎತ್ತಿಕೊಂಡು ಅಡುಗೆಮನೆಗೇ ತಂದವಳು ನೀನು. ಆ ಹೋರಿಯೂ ಸಾಧು ಪ್ರಾಣಿ, ಬೇಕಾದರೆ ಲೀನಾ ಅದರ ಬೆನ್ನೇರಬಹುದು. ಅಮ್ಮ ಏನೋ ಮುಚ್ಚಿಡುತ್ತಿದ್ದಾಳೆ ಅಂತ ಓದಿದ ಕೂಡಲೇ ನಿನಗೆ ಗೊತ್ತಾಗುತ್ತದೆ, ಹಟಕ್ಕೆ ಇನ್ನೂ ದೊಡ್ಡ ಡೇರೆ ತರುತ್ತೀಯ. ಹಟದಲ್ಲಿ ನೀನು ಯಾರ ಮಗಳು ಅಂತ ನನಗೆ ಗೊತ್ತಿಲ್ಲವೇ. ಅದಕ್ಕೆ ಹೇಳಿಯೇಬಿಡುತ್ತೇನೆ.

ಆ ಕಲ್ಲುರಾಶಿಯ ಕಡೆಯಿಂದ ಒಂದು ದನಿ ಬರುತ್ತಿದೆ.

ಜೂನ್ ಕೊನೆಯಲ್ಲಿ ಶುರುವಾಯಿತು. ನನ್ನ ಸಂಜೆ ಹೇಗೆ ನಡೆಯುತ್ತದೆ ಅಂತ ನಿನಗೆ ಗೊತ್ತು. ಹಾಲು ಕರೆದು ಮುಗಿಸಿ, ದೀಪ ಹಚ್ಚುವ ಮುಂಚೆ, ಮೊಳೆಯಿಂದ ಆ ಮರದ ಲಾಳಿಕೆ ತೆಗೆದುಕೊಂಡು ಶಿಲುಬೆಯ ದಿಣ್ಣೆ ಹತ್ತುತ್ತೇನೆ. ಹಾಲು ಸೋಸುವ ಲಾಳಿಕೆಯೇ ನಮಗೆ ಕಹಳೆ. ಅದನ್ನು ಬಾಯಿಗಿಟ್ಟು ಸರೋವರದ ಕಡೆಗೆ ಒಮ್ಮೆ, ಹಿಮನದಿಯ ಕಡೆಗೆ ಒಮ್ಮೆ, ಕಣಿವೆಬಾಯಿಯ ಕಡೆಗೆ ಒಮ್ಮೆ ಕೂಗುತ್ತೇನೆ. ಕೂಗು ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರಕ್ಕೆ ದೇವರ ಬೇಲಿ, ಅದರೊಳಗಿರುವ ದನಕ್ಕಾಗಲಿ ಜನಕ್ಕಾಗಲಿ ಬೆಳಗಾಗುವವರೆಗೆ ಕೇಡಿಲ್ಲ. ಕೂಗುವವರ ಬೆನ್ನ ಹಿಂದೆ ಮಾತ್ರ ಬೇಲಿ ನಿಲ್ಲುವುದಿಲ್ಲ, ಅದಕ್ಕೇ ತಿರುಗಿ ತಿರುಗಿ ಕೂಗಬೇಕು. ಹೊಟ್ಟೆಯಲ್ಲಿದ್ದಾಗಿನಿಂದ ಇದನ್ನು ಕೇಳಿ ಬೆಳೆದವಳಿಗೆ ನಾನು ಹೇಳಿಕೊಡುತ್ತಿದ್ದೇನೆ ನೋಡು.

ಗೋಡೆ ನಿಂತಿದ್ದಾಗ ಆ ಕಡೆಗೆ ಕೂಗಿದರೆ ಮರುದನಿ ಬರುತ್ತಿತ್ತು. ಎರಡು ಸಲ ಉಸಿರಾಡುವಷ್ಟು ಹೊತ್ತು ಕಾದರೆ ಸಾಕು, ಕೊನೆಯ ಮಾತು ಅಚ್ಚುಕಟ್ಟಾಗಿ ವಾಪಸು. "ಈ ಬೆಟ್ಟದಲ್ಲಿ ನಾನು ಹೇಳಿದ್ದನ್ನ ಹೇಳ್ದಂಗೆ ಕೇಳೋದು ಅದೊಂದೇ" ಅನ್ನುತ್ತಿದ್ದ ನಿಮ್ಮಪ್ಪ, ನನ್ನ ಕಡೆ ಓರೆಗಣ್ಣು ಬಿಟ್ಟು. ಅವನ ಕೂಗಿನ ಕೊನೆಗೊಂದು ಬಾಲ ಇತ್ತಲ್ಲ, ನೆನಪಿದೆಯಾ? ದನಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ, ಕಟ್ಟಕಡೆಗೆ ನನ್ನ ಹೆಸರು ಸೇರಿಸುತ್ತಿದ್ದ. ದನದ ಸಾಲಿನಲ್ಲಿ ನನ್ನನ್ನು ನಿಲ್ಲಿಸುತ್ತಾನೆ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೋಡೆಯೂ ಅದನ್ನೇ ಹಿಡಿದುಕೊಂಡು "ಅಗಾಥಾ" ಅಂತ ಇಡೀ ಕಣಿವೆಗೆ ಸಾರುತ್ತಿತ್ತು.

ಈಗ ಆ ಗೋಡೆಯ ಅರ್ಧಭಾಗ ನೆಲದಲ್ಲಿದೆ. ಉಳಿದರ್ಧ ಹಿಂದಕ್ಕೆ ವಾಲಿಕೊಂಡು ನಿಂತಿದೆ, ಮುರಿದ ಕಡೆ ಬಣ್ಣ ಇನ್ನೂ ಹಸಿ, ಚರ್ಮ ಸುಲಿದ ಹಾಗೆ. ಅದರಿಂದ ಯಾವ ದನಿಯೂ ಮರಳುವುದಿಲ್ಲ. ಮಾರ್ಮೊಟ್‌ಗಳು ಬಿಲದ ಬಾಯಲ್ಲಿ ನಿಂತು ಸೀಟಿ ಹೊಡೆದರೆ ಉಳಿದ ಮೂರು ಕಡೆಯಿಂದ ಸೀಟಿ ತಿರುಗಿ ಬರುತ್ತದೆ, ಆ ಕಡೆ ಮಾತ್ರ ಹೋದದ್ದು ಹೋದದ್ದೇ.

ಹೀಗಿರುವಾಗ, ನಾನು ಕೂಗು ಮುಗಿಸಿ ಲಾಳಿಕೆ ಇಳಿಸುತ್ತೇನೆ, ಅಲ್ಲಿಂದ ಶುರುವಾಗುತ್ತದೆ. ಮೊದಲ ದಿನ ಹಿಮನದಿ ನರಳಿತು ಅಂದುಕೊಂಡೆ. ಎರಡನೇ ದಿನ ಬೆಚ್ಚಗಿನ ತೆಂಕಣ ಗಾಳಿ ಇತ್ತು, ಆ ಗಾಳಿಗೆ ಕೆಳಗಿನ ಊರಿನ ನಾಯಿ ಬೊಗಳಿದ್ದೂ ಕಿವಿಯ ಪಕ್ಕದಲ್ಲೇ ಕೇಳುತ್ತದೆ, ಅದೇ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಮೂರನೇ ದಿನ ಗಾಳಿ ಇರಲಿಲ್ಲ. ಗಂಡಸಿನ ದನಿ, ಗಂಟಲು ಕಟ್ಟಿದ್ದು. ಮಾತು ಬಿಡಿಸಿ ಕೇಳುವುದಿಲ್ಲ. ಒಂದು ಉಸಿರು, ಎರಡು ಉಸಿರು, ಆಮೇಲೆ ನಿಂತುಹೋಗುತ್ತದೆ.

ನನಗೆ ಭ್ರಮೆ ಅಂತ ನೀನು ಅನ್ನಬಹುದು. ಹಸುಗಳಿಗೂ ಭ್ರಮೆಯೇ? ಆ ಹೊತ್ತಿಗೆ ಹತ್ತೊಂಬತ್ತೂ ಮೆಲುಕು ಹಾಕುವುದನ್ನು ನಿಲ್ಲಿಸಿ ತಲೆ ಎತ್ತುತ್ತವೆ. ಒಂದೂ ನನ್ನ ಕಡೆ ನೋಡುವುದಿಲ್ಲ, ಎಲ್ಲವೂ ಕಲ್ಲುರಾಶಿಯ ಕಡೆಗೆ. ಹೋದ ವಾರದಿಂದ ದನಿಯ ಹಿಂದೆ ಒಂದು ಗಂಟೆಯೂ ಕೇಳುತ್ತಿದೆ, ಅಂಚು ಸೀಳಿದ ಗಂಟೆ. ಆವತ್ತು ನಿಮ್ಮಪ್ಪನ ಜೊತೆ ಹೋದ ಕಡಸುಗಳಲ್ಲಿ ಮುಂದಾಳು ಫ್ಲೋರಾ, ಅವಳ ಕೊರಳಲ್ಲಿದ್ದದ್ದು. ಅದನ್ನು ಬೆಸುಗೆ ಹಾಕಿಸು ಅಂತ ನಾನೇ ಬೇಸಿಗೆಯೆಲ್ಲ ಅವನ ತಲೆ ತಿಂದಿದ್ದೆ.

ನಿನ್ನೆ ಹಗಲು ಹೊತ್ತಿನಲ್ಲಿ ಧೈರ್ಯ ಮಾಡಿ ಅಲ್ಲಿಗೆ ಹೋದೆ. ಮೊದಲ ಕಲ್ಲುಗಳ ತನಕ ಹೋದೆ, ಅಷ್ಟೆ. ಸುಡುವ ಬಿಸಿಲು, ಆದರೆ ಸಂದಿಗಳಿಂದ ನೆಲಮಾಳಿಗೆಯ ಥಂಡಿ ಬರುತ್ತಿತ್ತು. ಕೈ ಇಟ್ಟು ನೋಡಿದೆ. ಹೊರಕ್ಕೆ ಊದುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ನಿಂತು, ನನ್ನ ಬೆರಳುಗಳ ನಡುವೆಯೇ ಒಳಕ್ಕೆ ಎಳೆದುಕೊಂಡಿತು. ಆಮೇಲೆ ಮತ್ತೆ ಹೊರಕ್ಕೆ. ಕೆಳಗೆ ಹಳೆಯ ಮಂಜುಗಡ್ಡೆ ಇದ್ದರೆ ಕಲ್ಲುರಾಶಿ ಹೀಗೆ ಉಸಿರಾಡುತ್ತದೆ ಅಂತ ಯಾರೋ ಪಂಡಿತರು ಹೇಳಿದ್ದು ನೆನಪಿದೆ. ಆ ಗಾಳಿಯಲ್ಲಿ ಒದ್ದೆ ಹುಲ್ಲಿನ ವಾಸನೆ ಯಾಕಿತ್ತು ಅಂತ ಅವರನ್ನು ಕೇಳಬೇಕು. ಬೆನ್ನು ತಿರುಗಿಸದೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಂದೆ.

ಅದಕ್ಕೇ ಡೇರೆ ಬೇಡ ಅಂದದ್ದು.

ಶುಕ್ರವಾರ, 7, ಮಧ್ಯಾಹ್ನ

ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಬುಧವಾರದ್ದನ್ನು ಓದುವಾಗಲೇ ಎಣಿಸಿರುತ್ತೀಯ. ನಾನು ಕೂಗುವುದು ಮೂರು ದಿಕ್ಕಿಗೆ ಅಂತ ಬರೆದಿದ್ದೇನೆ. ದಿಕ್ಕು ನಾಲ್ಕು.

ಹನ್ನೊಂದು ವರ್ಷದಿಂದ ನಾನು ಕೆಂಪುಗೋಡೆಯ ಕಡೆಗೆ ತಿರುಗಿ ಕೂಗಿಲ್ಲ, ಪಿಯಾ. ಮೊಟ್ಟಮೊದಲ ಸಲ ಕೂಗದೆ ಬಿಟ್ಟದ್ದು ಆ ಹಬ್ಬದ ಸಂಜೆ. ಮರುದಿನ ಬೆಳಗಿನ ಜಾವಕ್ಕೆ ಗೋಡೆ ಬಿತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ, ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡುವಾಗಲೂ ಬಾಯಿಗೆ ಬಂದಿಲ್ಲ.

ಆ ವರ್ಷ ಜುಲೈನಲ್ಲಿ ನಿಮ್ಮಪ್ಪನ ಗಂಟಲು ಹೋಯಿತು. ನೀನು ಕೆಳಗೆ ಊರಿನಲ್ಲಿ ಹುಲ್ಲು ಕೊಯ್ಲಿನಲ್ಲಿದ್ದೆ, ಅದಕ್ಕೆ ನೀನು ನೋಡಲಿಲ್ಲ. ಡಾಕ್ಟರು ಒಂದು ತಿಂಗಳು ಕೂಗಬಾರದು ಅಂದರು. ನೀಲಿ ಡಬ್ಬಿಯ ಜೇಷ್ಠಮಧು ಗುಳಿಗೆಯನ್ನು ಹಗಲೂ ರಾತ್ರಿ ಚೀಪಿ ಅವನ ಹಲ್ಲೆಲ್ಲ ಕಪ್ಪಾಗಿತ್ತು. ಯಾರಿಗೂ ಮುಟ್ಟಗೊಡದ ಲಾಳಿಕೆಯನ್ನು ಕೊನೆಗೆ ನನ್ನ ಕೈಗೆ ಕೊಟ್ಟ. ಕೊಟ್ಟನೇ ಹೊರತು ಸುಮ್ಮನಿರಲಿಲ್ಲ. ಬಾಗಿಲಲ್ಲಿ ನಿಂತು ದಿನಾ ಒಂದು ಕೊಂಕು. ಅವಸರ ಮಾಡಿದೆ ಅನ್ನುವುದು, ಮಕ್ಕಳನ್ನು ಊಟಕ್ಕೆ ಕರೆದ ಹಾಗಿತ್ತು ಅನ್ನುವುದು.

ಹಬ್ಬದ ಮಧ್ಯಾಹ್ನ ಮೆಲ್ಕ್ ಮಾಮ, ಇನ್ನಿಬ್ಬರು ದನ ಕಾಯುವವರು ಕಾಫಿಗೆ ಬಂದಿದ್ದರು. ಕಾಫಿಗೆ ಸಾರಾಯಿ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. ನನ್ನ ಕೂಗು ಕೆಳಗಿನವರೆಗೂ ಗಂಟೆ ಹೊಡೆದ ಹಾಗೆ ಕೇಳುತ್ತದೆ ಅಂತ ಮೆಲ್ಕ್ ಮಾಮ ಹೊಗಳಿದ. ಹೊಗಳಿದ್ದೇ ತಪ್ಪಾಯಿತು. ನಿಮ್ಮಪ್ಪ ಆ ಒಡಕು ದನಿಯಲ್ಲೇ, "ಹೆಂಗಸು ಕೂಗಿದ್ರೆ ಕೋಳಿ ಬರ್ತವೆ ಕಣೋ, ಬೇಲಿ ನಿಲ್ಲಲ್ಲ" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದೇ ನನಗೆ ಆಮೇಲೆ ಹೆಚ್ಚು ಉರಿಯಿತು.

ಅವರು ಹೋದ ಮೇಲೆ ಅವನು ಹದಿನಾಲ್ಕು ಕಡಸುಗಳನ್ನು ಹೊಡೆದುಕೊಂಡು ಗೋಡೆಯ ಬುಡದ ಮೇವಿಗೆ ಹೊರಟ. ಅಲ್ಲಿ ಹುಲ್ಲು ಇನ್ನೂ ಎಳೆಯದಿತ್ತು, ಎರಡು ರಾತ್ರಿ ಅಲ್ಲಿಯ ಕಲ್ಲಿನ ಗೂಡಿನಲ್ಲೇ ಇರುತ್ತೇನೆ ಅಂದ. ನಾನು ಪಾತ್ರೆ ತಿಕ್ಕುತ್ತಾ ತಲೆ ಎತ್ತದೆ, "ಅಲ್ಲಿ ನಿನ್ನ ಬೇಲಿ ನೀನೇ ಕಟ್ಕೋ ಹೋಗು" ಅಂದೆ. "ಕಟ್ಕೋತೀನಿ ಬಿಡೇ" ಅಂತ ನಕ್ಕು ಹೋದ. ಲಾಳಿಕೆ ಮೊಳೆಯಲ್ಲೇ ಇತ್ತು. ಅವನೂ ತೆಗೆದುಕೊಳ್ಳಲಿಲ್ಲ, ನಾನೂ ಕೊಡಲಿಲ್ಲ.

ಸಂಜೆ ದಿಣ್ಣೆ ಹತ್ತಿದೆ. ಸರೋವರದ ಕಡೆ ಕೂಗಿದೆ, ಹಿಮನದಿಯ ಕಡೆ, ಕಣಿವೆಬಾಯಿಯ ಕಡೆ. ಆಮೇಲೆ ಗೋಡೆಯ ಕಡೆ ತಿರುಗಿದೆ. ಗೂಡಿನಿಂದ ಹೊಗೆ ಏಳುವುದು ಕಾಣುತ್ತಿತ್ತು. ಲಾಳಿಕೆ ಬಾಯಿಯವರೆಗೆ ಎತ್ತಿದೆ. ಎತ್ತಿ, ಇಳಿಸಿಬಿಟ್ಟೆ. ಅವನಿಗೆ ಕೋಳಿ ಕರೆಯುವವಳ ಬೇಲಿ ಬೇಡವಲ್ಲ, ಬೇಡ. ನಾಡಿದ್ದು ಕೆಳಗೆ ಬಂದು "ಏನೇ, ನನ್ನ ಮರೆತ್ಯಾ?" ಅಂತ ಕೇಳುತ್ತಾನೆ, ಆಗ ಸರಿಯಾಗಿ ಕೊಡುತ್ತೇನೆ ಅಂದುಕೊಂಡೆ. ಕೊಡಬೇಕಾದ ಉತ್ತರವನ್ನೂ ಯೋಚಿಸಿ ಇಟ್ಟುಕೊಂಡೆ. ನನಗೆ ಬೇಕಾಗಿದ್ದದ್ದು ಅಷ್ಟೇ ಕಣೇ, ಅವನು ಒಮ್ಮೆ ಕೇಳಬೇಕಾಗಿತ್ತು. ಒಳಗೆ ಬಂದು ಆಲೂಗೆಡ್ಡೆ, ಮ್ಯಾಕರೋನಿ, ಸೇಬಿನ ಗೊಜ್ಜು ಬಡಿಸಿಕೊಂಡು ಹೊಟ್ಟೆ ತುಂಬ ತಿಂದೆ. ಅದು ಎಷ್ಟು ರುಚಿಯಾಗಿತ್ತು ಅಂತ ಇವತ್ತಿಗೂ ನಾಲಿಗೆಗೆ ನೆನಪಿದೆ.

ಉಳಿದದ್ದು ನಿನಗೆ ಗೊತ್ತು. ಗೋಡೆಯ ಬಿರುಕುಗಳಲ್ಲಿ ಎಷ್ಟೋ ಕಾಲದಿಂದ ಕಲ್ಲನ್ನು ಹಿಡಿದುಕೊಂಡಿದ್ದ ಮಂಜುಗಡ್ಡೆ ಕರಗಿತ್ತು, ಇವತ್ತಲ್ಲ ನಾಳೆ ಬೀಳುವುದೇ ಇತ್ತು ಅಂತ ನಗರದಿಂದ ಬಂದವರು ಹೇಳಿದರು. ಹಗಲು ಹೊತ್ತಿನಲ್ಲಿ ನಾನು ಅದನ್ನು ನಂಬುತ್ತೇನೆ. ಆ ಕಲ್ಲೆಲ್ಲ ತಗ್ಗು ದಾಟಿ, ಏರು ಹತ್ತಿ, ನಮ್ಮ ಗುಡಿಸಲಿನ ಕಡೆಗೇ ಬಂದು ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ನಿಂತಿತು. ಬಾಗಿಲಿಂದ ನಲವತ್ತು ಹೆಜ್ಜೆ. ತೊಟ್ಟಿಯ ಅಂಚು ಕೂಡ ಮುರಿಯಲಿಲ್ಲ.

ಅವನಿಗಾಗಿ ನಡೆದ ಪ್ರಾರ್ಥನೆಯ ದಿನ ಪಾದ್ರಿಗಳು ಎಲ್ಲರೆದುರಿಗೆ ಕೇಳಿದರು, ಆ ಸಂಜೆ ಕೂಗು ಆಗಿತ್ತೇ ಅಂತ. ಇಲ್ಲಿ ಯಾರು ಸತ್ತರೂ ಮೊದಲು ಕೇಳುವುದು ಅದನ್ನೇ. ಆಗಿತ್ತು, ನಾಲ್ಕು ಕಡೆಗೂ ಕೂಗಿದೆ ಅಂದೆ. ಆಗ ಹಿಂದಿನಿಂದ ಮೆಲ್ಕ್ ಮಾಮ ಎದ್ದು ನಿಂತು, "ಹೌದು ಫಾದರ್, ನಾಲ್ಕೂ ಕೇಳ್ದೆ" ಅಂದ. ನನ್ನ ಮಾನ ಉಳಿಸಲು ದೇವರ ಮನೆಯಲ್ಲಿ ಸುಳ್ಳು ಹೇಳಿದನಲ್ಲ ಅಂತ ನನಗೆ ಅವನ ಮುಖ ನೋಡುವುದಕ್ಕೇ ಆಗಲಿಲ್ಲ. ಅವತ್ತಿನಿಂದ ಅವನು ಏನು ಗದರಿದರೂ ಬಾಯಿ ಮುಚ್ಚಿಕೊಂಡು ಅನ್ನಿಸಿಕೊಳ್ಳುತ್ತೇನೆ. ಆ ವಿಷಯ ನಾವಿಬ್ಬರೂ ಎತ್ತಿಲ್ಲ.

ಈಗ ನೀನು ಮಗುವನ್ನು ಕರೆದುಕೊಂಡು ಅದೇ ಜಾಗದಲ್ಲಿ, ಅದೇ ರಾತ್ರಿ ಮಲಗುತ್ತೇನೆ ಅನ್ನುತ್ತೀಯ. ಆ ಕಡೆ ಹನ್ನೊಂದು ವರ್ಷದಿಂದ ಬೇಲಿಯಿಲ್ಲ. ನಾನು ಕೂಗದಿದ್ದರೆ ಗಂಡನನ್ನು ಕಳೆದುಕೊಂಡ ಹಾಗೆ ನಿಮ್ಮಿಬ್ಬರನ್ನೂ ಕಳೆದುಕೊಳ್ಳುತ್ತೇನೆ. ಕೂಗಿದರೆ ಅವನು ಉತ್ತರ ಕೊಡುತ್ತಾನೆ. ಏನನ್ನುತ್ತಾನೆ? ನನಗೆ ಸಾಯುವ ಭಯವಿಲ್ಲ ಮಗಳೇ. "ನನ್ನ ಮರೆತ್ಯಾ" ಅಂತ ಅವನು ಕೇಳಿಬಿಟ್ಟರೆ, ನಾನು ಯೋಚಿಸಿ ಇಟ್ಟುಕೊಂಡಿದ್ದ ಉತ್ತರ ಈಗ ಯಾವ ಮುಖದಲ್ಲಿ ಹೇಳಲಿ?

ಇವತ್ತು ಸಂಜೆ ಆ ಕಡೆಗೆ ತಿರುಗುತ್ತೇನೆ. ಬಾಯಿ ಬರದಿದ್ದರೆ ನಾಳೆ ಒಂದೇ ಸಾಲು ಬರೆಯುತ್ತೇನೆ, ಬರಬೇಡಿ ಅಂತ. ಹಸುಗಳು ಬಾಗಿಲಿಗೆ ಬಂದವು, ಹಾಲು ಕರೆಯಬೇಕು.

ಶನಿವಾರ, 8, ಬೆಳಿಗ್ಗೆ

ತಿರುಗಿದೆ. ಮೂರು ಕಡೆ ಎಂದಿನಂತೆ ಕೂಗಿ, ಶಿಲುಬೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ತಿರುಗಿದೆ. ಬಿಸಿಲು ಕೊನೆಯ ತುದಿಗಳಲ್ಲಿ ಮಾತ್ರ ಉಳಿದಿತ್ತು, ತಗ್ಗಿನಲ್ಲಿ ನೆರಳು ತುಂಬಿಕೊಂಡಿತ್ತು. ಲಾಳಿಕೆ ಬಾಯಿಗಿಟ್ಟೆ. ಮೊದಲ ಮಾತು ದನಿಯೇ ಇಲ್ಲದೆ ಗಾಳಿಯಾಗಿ ಹೋಯಿತು. ಎರಡನೆಯದರಿಂದ ಹಿಡಿಯಿತು. ಹುಲ್ಲನ್ನು, ಕಲ್ಲನ್ನು, ಕಾಲಿರುವ ಎಲ್ಲವನ್ನೂ ಒಂದೂ ಬಿಡದೆ ದೇವರಿಗೆ ಒಪ್ಪಿಸಿದೆ. ಕೂಗು ಮುಗಿಯಿತು.

ಅಭ್ಯಾಸ ಬಿಡುತ್ತದೆಯೇ, ಎರಡು ಉಸಿರು ಕಾದೆ. ಏನೂ ಇಲ್ಲ. ಇನ್ನೊಂದು ಉಸಿರು. ಹಸುಗಳು ತಲೆ ಎತ್ತಿದವು.

ಈ ಸಲ ಮಾತು ಬಿಡಿಬಿಡಿಯಾಗಿ ಕೇಳಿತು ಪಿಯಾ. ನಾನು ಕೂಗಿದ ಮಾತಲ್ಲ ಅದು. "ಫ್ಲೋರಾ" ಅಂದಿತು. ಆಮೇಲೆ ಟ್ಸಿಟಾ, ಲುಸ್ಟಿ, ಬೆಲ್ಲಾ. ನಡುವೆ ಒಮ್ಮೆ ಕೆಮ್ಮಿತು. ನಾನು ಬೆರಳು ಮಡಚುತ್ತಾ ಹೋದೆ. ಹದಿನಾಲ್ಕು ಕಡಸು, ಒಂದರ ಹೆಸರೂ ತಪ್ಪಲಿಲ್ಲ. ನನಗೇ ಮರೆತುಹೋಗಿದ್ದ ಎರಡು ಹೆಸರೂ ಅದರಲ್ಲಿದ್ದವು. ಹದಿನಾಲ್ಕಾದ ಮೇಲೆ ನಿಲ್ಲಲಿಲ್ಲ. ದನದ ಸಾಲಿನ ಕಟ್ಟಕಡೆಗೆ, "ಅಗಾಥಾ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ. ಹಸುಗಳು ಏನೂ ಆಗದವರ ಹಾಗೆ ಮತ್ತೆ ಮೆಲುಕು ಹಾಕಿದವು. ಅದು ಕರೆದದ್ದೋ, ದೂರಿದ್ದೋ, ನನಗೆ ತಿಳಿಯಲಿಲ್ಲ.

ಇವತ್ತು ಚೀಸ್ ಒಯ್ಯಲು ಮೆಲ್ಕ್ ಮಾಮ ಬೆಳಿಗ್ಗೆಯೇ ಬಂದ. ಕಾಫಿ ಕೊಟ್ಟು, ಕೂತುಕೋ ಅಂದೆ. ಕೂತುಕೋ ಅಂತ ನಾನು ಹೇಳಿದ್ದಕ್ಕೇ ಗಾಬರಿಯಾದ. ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟೆ. ನನಗೋಸ್ಕರ ಚರ್ಚಿನಲ್ಲಿ ಸುಳ್ಳು ಹೇಳಿದೆಯಲ್ಲ, ಆವತ್ತು ನಾನು ಕೂಗಿದ್ದು ಮೂರೇ ಅಂದೆ.

ಅವನ ಹುಬ್ಬು ಟೊಪ್ಪಿಗೆಯವರೆಗೆ ಹೋಯಿತು. "ಸುಳ್ಳಾ? ನಾನಾ? ನಿನಗೋಸ್ಕರ? ಏನು, ದೊಡ್ಡ ರಾಣಿ ನೋಡು ನೀನು! ನಾಲ್ಕು ಕೇಳ್ದೆ, ನಾಲ್ಕು ಅಂದೆ. ಮೂರು ನಿಂದು, ಲಾಳಿಕೇದು. ನಾಲ್ಕನೇದು ಅಲ್ಬೀನ್‌ದು."

ಅವನು ಕಾಫಿ ಊದಿಕೊಂಡು ಕುಡಿಯುತ್ತಾ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಾನಾಗ ನಡುದಿಣ್ಣೆ ಮೇಲೆ ಮೇಕೆ ಹುಡುಕ್ತಾ ಇದ್ದೆ. ನಿನ್ನ ಮೂರು ಕೂಗಾಯ್ತು. ಅಲ್ಬೀನ್ ಗೂಡಿನ ಬಾಗಿಲಲ್ಲಿ ನಿಂತ್ಕೊಂಡಿದ್ದ, ಕೈಲಿದ್ದ ಟೊಪ್ಪಿಗೆ ತಿರುವ್ತಾ. ಏನೋ ಕಾಯ್ತಿದ್ದಂಗೆ ಇತ್ತು. ಸುಮಾರು ಹೊತ್ತು ನಿಂತ. ಆಮೇಲೆ ಗೋಡೆಗೆ ಬೆನ್ನು ಹಾಕಿ, ನಿನ್ನ ಗುಡಿಸಲ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗಿಟ್ಕೊಂಡು ಕೂಗ್ದ. ಲಾಳಿಕೆ ಇಲ್ಲ, ಗಂಟಲಿಲ್ಲ, ಕೆಮ್ಮಿ ಕೆಮ್ಮಿ ಕೂಗ್ದ. ಕಡಸುಗಳ ಹೆಸ್ರು ಹೇಳ್ದ, ನಿನ್ ಹೆಸ್ರು ಹೇಳ್ದ. ಇನ್ನೊಂದು ಕಡೆಗೆ ತಿರುಗಿ ಬಾಯಿ ತೆಗೆದ, ದನೀನೇ ಬರ್ಲಿಲ್ಲ. ಗಂಡ ಹೆಂಡ್ತಿ ಹಂಚ್ಕೊಂಡಿದೀರಿ ಅಂದ್ಕೊಂಡು ನಾನು ನಾಲ್ಕು ಎಣಿಸ್ದೆ. ತಪ್ಪಾ?"

ಅವನು ಚೀಸ್ ಹೊರೆ ಕಟ್ಟುತ್ತಿರುವಾಗ ನಾನು ತೊಟ್ಟಿಯ ಹತ್ತಿರ ಹೋಗಿ ನಿಂತೆ. ಅತ್ತ ಆಳೆತ್ತರದ ಬಂಡೆಗಳು, ಇತ್ತ ನಮ್ಮ ಹಸಿರು ಹುಲ್ಲು, ನಡುವೆ ಗೆರೆ ಎಳೆದ ಹಾಗಿದೆ. ಹನ್ನೊಂದು ವರ್ಷ ದಿನಾ ಅಲ್ಲಿ ನೀರು ತುಂಬಿದ್ದೇನೆ. ಗಂಟಲು ಕಟ್ಟಿದವನೊಬ್ಬ ಆ ಗೂಡಿನಿಂದ ಕೂಗಿದರೆ ದನಿ ಎಲ್ಲಿಯವರೆಗೆ ಬಂದೀತು ಅಂತ ಒಂದು ದಿನವೂ ನನಗೆ ಹೊಳೆಯಲಿಲ್ಲ. ಮ್ಯಾಕರೋನಿ ತಿನ್ನುತ್ತಾ ಒಳಗಿದ್ದವಳಿಗೆ ಅದು ಕೇಳಿಸಲಿಲ್ಲ. ತೊಟ್ಟಿಯವರೆಗೆ ಬಂದಿತ್ತು, ಅಷ್ಟು ಸಾಕಾಗಿತ್ತು.

ನನ್ನ ಮೂರು ಕೂಗನ್ನೂ ಅವನು ಎಣಿಸಿದ್ದಾನೆ ಪಿಯಾ. ನಾಲ್ಕನೆಯದಕ್ಕೆ ಕಾದಿದ್ದಾನೆ. ಅದು ಬರುವುದಿಲ್ಲ ಅಂತ ಗೊತ್ತಾದ ಮೇಲೆ, ಇದ್ದ ಒಂದು ದಿಕ್ಕಿನ ದನಿಯನ್ನು ನನ್ನ ಕಡೆಗೆ ಕೂಗಿದ್ದಾನೆ. ಅವನ ಬೆನ್ನ ಹಿಂದೆ ಯಾರ ಬೇಲಿಯೂ ಇರಲಿಲ್ಲ. ಅಳಲಿಲ್ಲ ಅಂತ ಬರೆಯೋಣವೆಂದುಕೊಂಡಿದ್ದೆ, ಆದರೆ ಇನ್ನು ನಿನಗೆ ಸುಳ್ಳು ಬರೆಯುವುದಿಲ್ಲ. ತೊಟ್ಟಿಯ ಅಂಚು ಹಿಡಿದುಕೊಂಡು ಅತ್ತೆ. ಮೆಲ್ಕ್ ಮಾಮ ನೋಡಿಯೂ ನೋಡದವನಂತೆ ಹೋರಿಗೆ ಬೈಯುತ್ತಿದ್ದ.

ಇದನ್ನೆಲ್ಲ ಓದಿ ನಿನಗೆ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಅದು ನ್ಯಾಯವೇ, ನಾನು ಏನೂ ಅನ್ನುವುದಿಲ್ಲ. ಆದರೆ ಬಾ ಅಂತಲೇ ಕೇಳುತ್ತೇನೆ. ಡೇರೆ ಬೇಡ, ಗುಡಿಸಲಲ್ಲಿ ಮಲಗಿ. ಹದಿನೈದರವರೆಗೆ ದಿನಾ ಆ ಕಡೆಗೆ ನಾನು ಕೂಗುತ್ತೇನೆ. ಹಬ್ಬದ ಸಂಜೆ ನೀನು ನನ್ನ ಪಕ್ಕ ದಿಣ್ಣೆಯ ಮೇಲೆ ನಿಲ್ಲು. ಮೂರು ದಿಕ್ಕು ನನ್ನದು, ಕೆಂಪುಗೋಡೆಯ ದಿಕ್ಕು ನಿನ್ನದು. ಕಡಸುಗಳ ಹೆಸರು ಬರೆದುಕೊಡುತ್ತೇನೆ, ಹದಿನಾಲ್ಕೂ ಹೇಳು. ಕಟ್ಟಕಡೆಗೆ ಅಲ್ಬೀನ್ ಅಂತ ಸೇರಿಸು. ದನದ ಸಾಲಿನಲ್ಲಿ ಅವನೂ ಒಂದು ದಿನ ನಿಲ್ಲಲಿ. ಹನ್ನೊಂದು ವರ್ಷದಿಂದ ಹೊರಗಿದ್ದಾನೆ, ಒಳಗೆ ಕರೆದುಕೊಳ್ಳೋಣ.

ಲೀನಾಗೆ ನನ್ನ ಮುತ್ತು. ಅವಳಿಗೆ ದಪ್ಪ ಕಾಲುಚೀಲ ಮರೆಯದೆ ಹಾಕು.

ದಾರಿ ನೋಡುತ್ತಿರುವ ನಿನ್ನ ಅಮ್ಮ,
ಅಗಾಥಾ

ತಾ.ಕ.: ಮೆಲ್ಕ್ ಮಾಮ ಹೊರೆ ಹೊತ್ತು ಹೊರಗೆ ಅವಸರ ಮಾಡುತ್ತಿದ್ದಾನೆ. ಈಗಷ್ಟೇ ಬಾಗಿಲಲ್ಲಿ ತಲೆ ಹಾಕಿ, "ಅದು ಸರಿ, ನಿನ್ನೆ ಸಂಜೆ ಐದು ಕೂಗು ಕೇಳ್ತಲ್ಲ, ಐದನೇದು ಯಾರ್ದು?" ಅಂದ. ನಾನು ತಲೆ ಎತ್ತದೆ ಬರೆಯುತ್ತಾ ಕೂತೆ, ಅವನೂ ಎರಡನೇ ಸಲ ಕೇಳಲಿಲ್ಲ. ಬರುವಾಗ ಆಲ್ಟ್‌ಡಾರ್ಫ್‌ನಲ್ಲಿ ಇಳಿದು ಔಷಧಿ ಅಂಗಡಿಯಿಂದ ಜೇಷ್ಠಮಧು ಗುಳಿಗೆ ತಾ, ಅದೇ ನೀಲಿ ಡಬ್ಬಿ, ಎರಡು. ನನ್ನ ಗಂಟಲು ಚೆನ್ನಾಗಿಯೇ ಇದೆ.